ರ‍್ಯಾಮ್ ಹಾಕ್ಸಿದ್ರ ಎಲ್ಲಾ ಸರಿಹೋಗತೈತಿ?

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ. ಈ ನಾಲ್ಕು ಊರಲ್ಲಿ ಮದುವೆ ವಿಡಿಯೊ ಮಿಕ್ಸಿಂಗ್ ಮಾಡುವ ಯಾವ ಸ್ಟುಡಿಯೊಕ್ಕಾದರೂ ಕೆಲಸ ಕೆಟ್ಟು ಕೂತ ಹೊತ್ತಿನಲ್ಲಿ ಹೋಗಿ ನೋಡಿ, ಕೇಳಿಬರುವ ಮಾತು ಒಂದೇ: "ಸಿಸ್ಟಮ್ ಸಾಕಾಗವಲ್ದು ಸರ, ರ‍್ಯಾಮ್ ಹಾಕಸ್ಬೇಕು." ಮಾತಿಗೂ ತುಟಿಗೂ ಹೊಂದಿಕೆ ತಪ್ಪಿದರೂ ರ‍್ಯಾಮ್, ಟೈಮ್‌ಲೈನ್ ತಡವರಿಸಿದರೂ ರ‍್ಯಾಮ್, ಔಟ್‌ಪುಟ್ ಅರ್ಧಕ್ಕೆ ನಿಂತರೂ ರ‍್ಯಾಮ್. ಅದನ್ನು ಹಾಕಿಸಿಯೂ ಸರಿಹೋಗದಿದ್ದರೆ "ಫಾರ್ಮ್ಯಾಟ್ ಹೊಡದ್ಬಿಡ್ರಿ". ಫಾರ್ಮ್ಯಾಟಿಗೂ ಬಗ್ಗದಿದ್ದರೆ ಗ್ರಾಫಿಕ್ಸ್ ಕಾರ್ಡ್. ಕಾರ್ಡಿಗೂ ಬಗ್ಗದಿದ್ದರೆ ಕಂತಿನ ಮೇಲೆ ಹೊಸ ಕಂಪ್ಯೂಟರ್. ಕಂತು ತೀರುವ ಮೊದಲೇ ಅದೇ ತೊಂದರೆ ಮತ್ತೆ ಬಂದು ಎದುರು ನಿಲ್ಲುತ್ತದೆ. ಆಗಲೂ ಯಾರೂ ಆ ಮಾತನ್ನು ಅನುಮಾನಿಸುವುದಿಲ್ಲ. ಇನ್ನೂ ದೊಡ್ಡದು ಕೊಳ್ಳಬೇಕಿತ್ತು ಎಂದು ಮರುಗುತ್ತಾರೆ.

ಈ ನಂಬಿಕೆ ಸುಳ್ಳು. ಸುಳ್ಳಷ್ಟೇ ಆಗಿದ್ದರೆ ಸುಮ್ಮನಿರಬಹುದಿತ್ತು, ಇದು ದುಬಾರಿಯೂ ಹೌದು. ಜೇಬಿನಲ್ಲಿ ದುಡ್ಡಿರುವವರು ಇದನ್ನು ನಂಬಿ ಕಳೆದುಕೊಳ್ಳುವುದು ಅವರ ಹಣೆಬರಹ. ಯಲಬುರ್ಗಾದ ಒಂದೇ ಕೋಣೆಯ ಸ್ಟುಡಿಯೊ ಲಗ್ನಸರಾಯಿಯ ಗಳಿಕೆಯನ್ನೆಲ್ಲ ಇದರ ಮೇಲೆ ಸುರಿಯುವುದನ್ನು ನೋಡಿಯೂ ತೆಪ್ಪಗಿರುವುದು ಕಷ್ಟ.

ಯಂತ್ರ ಬಡವಾದರೆ ಕೆಲಸ ತಡವಾಗುತ್ತದೆ, ಕೆಡುವುದಿಲ್ಲ. ಔಟ್‌ಪುಟ್ ತೆಗೆಯುವಾಗ ಸಾಫ್ಟ್‌ವೇರ್‌ಗೆ ಯಾವ ಅವಸರವೂ ಇರುವುದಿಲ್ಲ. ಒಂದು ಫ್ರೇಮಿನ ಲೆಕ್ಕ ಮುಗಿಸಿಯೇ ಮುಂದಿನದಕ್ಕೆ ಕೈ ಹಾಕುತ್ತದೆ. ಹಳೆಯ ಕಂಪ್ಯೂಟರ್ ಅದಕ್ಕೆ ರಾತ್ರಿಯೆಲ್ಲ ತೆಗೆದುಕೊಳ್ಳಬಹುದು, ಹೊಸದು ಊಟ ಮಾಡಿ ಬರುವುದರೊಳಗೆ ಮುಗಿಸಬಹುದು. ಹೊರಬೀಳುವ ಫೈಲಿನ ಹುಳುಕು ಮಾತ್ರ ಎರಡರಲ್ಲೂ ಒಂದೇ. ಹಾಗಾಗಿ ಮೊದಲು ಕೇಳಬೇಕಾದ್ದು, "ಔಟ್‌ಪುಟ್‌ನ್ಯಾಗೂ ಹಿಂಗ ಐತೇನು?" ಎಂದು. ತಯಾರಾದ ಫೈಲನ್ನು ಬೇರೆ ಮೊಬೈಲಿಗೆ ಹಾಕಿ ನೋಡಿ. ಅಲ್ಲೂ ತೊಂದರೆ ಇದೆ ಎಂದರೆ ನಿಮ್ಮ ರ‍್ಯಾಮು ಎಷ್ಟಿದ್ದರೂ ಅಷ್ಟೇ. ದೋಷ ಶೂಟಿಂಗಿನಲ್ಲಿದೆ, ಇಲ್ಲವೇ ನೀವು ಇಟ್ಟ ಸೆಟ್ಟಿಂಗಿನಲ್ಲಿದೆ.

ಧ್ವನಿಯ ವಿಚಾರವನ್ನೇ ನೋಡೋಣ. ಅತಿ ಹೆಚ್ಚು ದುಡ್ಡು ತಿಂದಿರುವ ಕಾಯಿಲೆ ಇದೇ. ಅಕ್ಕಿಕಾಳು ಹಾಕುವ ಹೊತ್ತಿಗೆ ಸ್ಟುಡಿಯೊದ ದೊಡ್ಡ ಕ್ಯಾಮೆರಾದ ಜೊತೆಗೆ ಮದುಮಗನ ಅಳಿಯನೋ ತಮ್ಮನೋ ಮೊಬೈಲ್‌ನಲ್ಲೂ ಹಿಡಿದಿರುತ್ತಾನೆ. ಎರಡನ್ನೂ ಟೈಮ್‌ಲೈನ್ ಮೇಲೆ ಇಟ್ಟರೆ ಮೊದಲ ಐದು ನಿಮಿಷ ಎಲ್ಲ ಸರಿ. ನಲವತ್ತನೇ ನಿಮಿಷಕ್ಕೆ ಬ್ಯಾಂಡಿನವನ ಕೋಲು ಡ್ರಮ್ಮಿಗೆ ಬಡಿಯುವುದು ಒಂದು ಗಳಿಗೆ, ಸದ್ದು ಬರುವುದು ಇನ್ನೊಂದು ಗಳಿಗೆ. ಹುಡುಗ ಧ್ವನಿಯ ಪಟ್ಟಿಯನ್ನು ಎಳೆದು ಕೂರಿಸುತ್ತಾನೆ, ಹತ್ತು ನಿಮಿಷಕ್ಕೆ ಮತ್ತೆ ಜಾರುತ್ತದೆ. ಮತ್ತೆ ಕತ್ತರಿಸಿ ಮತ್ತೆ ಕೂರಿಸುತ್ತಾನೆ. ಕೊನೆಗೆ ಸಿಸ್ಟಮ್ಮಿನ ಮೇಲೆ ಸಿಟ್ಟು.

ಇಲ್ಲಿ ಕಣ್ಣಿಗೆ ಹೊಡೆಯುವ ಸುಳಿವು ಒಂದಿದೆ. ಧ್ವನಿ ಮೊದಲಿನಿಂದ ಕೊನೆಯವರೆಗೆ ಒಂದೇ ಅಳತೆಯಲ್ಲಿ ತಪ್ಪಿದ್ದರೆ ಅದು ಜೋಡಿಸುವಾಗ ಆದ ತಪ್ಪು, ಒಮ್ಮೆ ಸರಿಸಿದರೆ ಮುಗಿಯಿತು. ಹೊತ್ತು ಹೋದಂತೆ ಅಂತರ ಬೆಳೆಯುತ್ತಿದ್ದರೆ ಅದು ಫ್ರೇಮ್ ರೇಟಿನ ಲೆಕ್ಕ. ಸೆಕೆಂಡಿಗೆ 30 ಫ್ರೇಮ್ ಇರುವುದನ್ನು 29.97 ಎಂದು ಓದಿಸಿದರೂ ಗಂಟೆಗೆ 3.6 ಸೆಕೆಂಡು ಜಾರುತ್ತದೆ. ಮೊಬೈಲ್ ಅಷ್ಟು ಶಿಸ್ತಿನದೂ ಅಲ್ಲ. ಮಂಟಪದಲ್ಲಿ ಬೆಳಕು ಕಡಿಮೆಯಾದರೆ ಅದು ಫ್ರೇಮುಗಳ ನಡುವಿನ ಅಂತರವನ್ನು ತನಗೆ ಬೇಕಾದಂತೆ ಹಿಗ್ಗಿಸುತ್ತದೆ, ಆಮೇಲೆ ಕುಗ್ಗಿಸುತ್ತದೆ. ಮೀಡಿಯಾಇನ್ಫೋ ಎಂಬ ಪುಕ್ಕಟೆ ಸಾಫ್ಟ್‌ವೇರ್‌ನಲ್ಲಿ ಆ ಕ್ಲಿಪ್ ತೆರೆದು, ಫ್ರೇಮ್ ರೇಟ್ ಮೋಡ್ ಎಂಬುದರ ಎದುರು ವೇರಿಯಬಲ್ ಎಂದಿದೆಯೇ ನೋಡಿ. ಇದ್ದರೆ ಕಳ್ಳ ಸಿಕ್ಕ. ಹ್ಯಾಂಡ್‌ಬ್ರೇಕ್ ಎಂಬ ಇನ್ನೊಂದು ಪುಕ್ಕಟೆ ಸಾಫ್ಟ್‌ವೇರ್‌ನಲ್ಲಿ ಕಾನ್‌ಸ್ಟಂಟ್ ಫ್ರೇಮ್ ರೇಟಿಗೆ ಬದಲಿಸಿಕೊಂಡು ಆ ಹೊಸ ಫೈಲನ್ನು ಟೈಮ್‌ಲೈನಿಗೆ ತನ್ನಿ. ಖರ್ಚು ಸೊನ್ನೆ. ಇದಕ್ಕಾಗಿ ರ‍್ಯಾಮ್ ಮಾರಿದವನು ಬೇಕೆಂದೇ ಮೋಸ ಮಾಡಿದ ಎನ್ನಲಾರೆ. ಅವನಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ ಇಬ್ಬರ ನಡುವೆ ಹಣ ಮಾತ್ರ ಒಂದೇ ದಿಕ್ಕಿಗೆ ಹರಿಯಿತು.

ಚಿತ್ರ ಹೆಜ್ಜೆ ತಪ್ಪಿ ನಡೆದಂತೆ ಕಾಣುವುದೂ ಹೀಗೆಯೇ. ನಮ್ಮ ಕಡೆಯ ಮಿಕ್ಸಿಂಗ್ ಸೆಕೆಂಡಿಗೆ 25 ಫ್ರೇಮಿನ ಪಾಲ್ ಪದ್ಧತಿಯಲ್ಲಿ ಬೆಳೆದು ಬಂದದ್ದು. ಜಪಾನಿನ ಕ್ಯಾನೋಪಸ್ ಕಂಪನಿ ಹುಟ್ಟುಹಾಕಿ ಆಮೇಲೆ ಗ್ರಾಸ್ ವ್ಯಾಲಿಯ ಕೈ ಸೇರಿದ ಎಡಿಯಸ್ ಎಂಬ ಎಡಿಟಿಂಗ್ ಸಾಫ್ಟ್‌ವೇರ್ ಇಲ್ಲಿನ ಸ್ಟುಡಿಯೊಗಳಲ್ಲಿ ಬೇರೂರಿದಾಗಿನಿಂದಲೂ ಪ್ರಾಜೆಕ್ಟ್ ತೆರೆದರೆ 25 ಎಂದೇ ರೂಢಿ. ಅದರೊಳಗೆ 30 ಫ್ರೇಮಿನ ಮೊಬೈಲ್ ಕ್ಲಿಪ್ ಹಾಕಿದರೆ ಪ್ರತಿ ಆರರಲ್ಲಿ ಒಂದು ಫ್ರೇಮ್ ಉದುರುತ್ತದೆ. ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ರಥ ಒಂದೇ ಸಮನೆ ಮುಂದೆ ಸಾಗುವ ದೃಶ್ಯದಲ್ಲಿ ಅದು ಎದ್ದು ಕಾಣುತ್ತದೆ. ಜನ ಅದನ್ನು "ಹ್ಯಾಂಗ್ ಆಗಾಕತ್ತೈತಿ" ಎನ್ನುತ್ತಾರೆ. ಹ್ಯಾಂಗ್ ಅಲ್ಲ, ಭಾಗಾಕಾರ. ಶೂಟಿಂಗಿಗೆ ಹೊರಡುವ ಮೊದಲೇ ಎಲ್ಲ ಕ್ಯಾಮೆರಾಗಳನ್ನೂ ಒಂದೇ ಫ್ರೇಮ್ ರೇಟಿಗೆ ತಂದಿಟ್ಟರೆ ಈ ಕಾಯಿಲೆ ಹುಟ್ಟುವುದೇ ಇಲ್ಲ.

ಮಂಟಪದ ಗೋಡೆಯ ಮೇಲೆ ಕಪ್ಪು ಪಟ್ಟೆ ಉರುಳುವುದಂತೂ ಕಂಪ್ಯೂಟರ್ ಇರುವ ಕೋಣೆಗೇ ಸಂಬಂಧಪಟ್ಟದ್ದಲ್ಲ. ನಮ್ಮ ಕರೆಂಟು 50 ಹರ್ಟ್ಸ್‌ನದು, ದೀಪ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಕ್ಯಾಮೆರಾದ ಷಟರ್ 1/60ರಲ್ಲಿದ್ದರೆ ಆ ಮಿಣುಕಿಗೆ ಹೊಂದದೆ ಪಟ್ಟೆ ಬೀಳುತ್ತದೆ. 1/50ಕ್ಕೋ 1/100ಕ್ಕೋ ಇಟ್ಟರೆ ಹೋಗುತ್ತದೆ. ಪರದೆಯ ಹಿಂದಿನ ಒಂದೇ ಬೆಳಕಿನಲ್ಲಿ ನಡೆಯುವ ತೊಗಲುಗೊಂಬೆಯಾಟವನ್ನು ಹಿಡಿಯುವವರು ಇದನ್ನು ಮೊದಲು ತಿಳಿದಿರಬೇಕು. 2025ರಲ್ಲಿ ಪದ್ಮಶ್ರೀ ಪಡೆದ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಕಲೆ ಅದು. ಹಳೆಯ ತಂತಿ ಬಲ್ಬಿನ ಮಿಣುಕು ಅಷ್ಟಾಗಿ ಕಾಣದು. ಅದರ ಜಾಗಕ್ಕೆ ಅಗ್ಗದ ಎಲ್‌ಇಡಿ ಸಿಕ್ಕಿಸಿ, ಷಟರ್ ನೋಡದೆ ಇಡೀ ರಾತ್ರಿಯ ಆಟ ಚಿತ್ರೀಕರಿಸಿ ತಂದರೆ, ಯಾವ ಗ್ರಾಫಿಕ್ಸ್ ಕಾರ್ಡೂ ಆ ರಾತ್ರಿಯನ್ನು ಪೂರ್ತಿ ಹಿಂದಕ್ಕೆ ತಂದುಕೊಡುವುದಿಲ್ಲ.

ಇಷ್ಟೂ ಔಟ್‌ಪುಟ್‌ನಲ್ಲಿ ಕಾಣುವ ತೊಂದರೆಗಳು. ಔಟ್‌ಪುಟ್ ಚೆನ್ನಾಗಿಯೇ ಬರುತ್ತದೆ, ಟೈಮ್‌ಲೈನ್ ಮೇಲೆ ಮಾತ್ರ ಮುಗ್ಗರಿಸುತ್ತದೆ ಎನ್ನುವವರು ಆಗ ಮೇಲೆದ್ದು, ಅಲ್ಲಿಯಾದರೂ ನಮ್ಮ ಮಾತು ನಿಜವಲ್ಲವೇ ಎನ್ನುತ್ತಾರೆ. ಅಲ್ಲಿಯೂ ಬಹುಪಾಲು ನಿಜವಲ್ಲ. ತೋಟದ ಪಂಪಿನಲ್ಲಿ ನೀರು ಬರದಿದ್ದರೆ ನಮ್ಮ ರೈತ ಮೊದಲು ಫುಟ್‌ವಾಲ್ವ್ ಎತ್ತಿ ನೋಡುತ್ತಾನೆ, ನೇರ ಅಂಗಡಿಗೆ ಹೋಗಿ ದೊಡ್ಡ ಮೋಟರ್ ಕೊಳ್ಳುವುದಿಲ್ಲ. ಅದೇ ರೈತನ ಮಗ ಸ್ಟುಡಿಯೊದಲ್ಲಿ ಕೂತರೆ ಆ ವಿವೇಕ ಎಲ್ಲಿ ಹೋಗುತ್ತದೋ ತಿಳಿಯದು.

ಇಲ್ಲಿ ಎತ್ತಿ ನೋಡಬೇಕಾದ್ದು ಬಹಳ ಸಲ ಹಾರ್ಡ್ ಡಿಸ್ಕಿನ ವೈರು. ಮೂರು ಕ್ಯಾಮೆರಾದ 4ಕೆ ವಿಡಿಯೊವನ್ನು ಹೊರಗಿನ ಡಿಸ್ಕಿನಲ್ಲಿ ತುಂಬಿಕೊಂಡು ತರುತ್ತಾರೆ. ಒಂದೊಂದು ಕ್ಯಾಮೆರಾದ ಫೈಲೂ ಸೆಕೆಂಡಿಗೆ 100 ಮೆಗಾಬಿಟ್, ಅಂದರೆ 12.5 ಮೆಗಾಬೈಟ್ ಬೇಡುತ್ತದೆ ಎಂದಿಟ್ಟುಕೊಳ್ಳಿ. ಮೂರನ್ನೂ ಒಟ್ಟಿಗೆ ಓಡಿಸಿದರೆ 37.5 ಮೆಗಾಬೈಟ್. ಹಳೆಯ ಯುಎಸ್‌ಬಿ 2.0 ಪೋರ್ಟು ಕಾಗದದ ಮೇಲೆ 480 ಮೆಗಾಬಿಟ್ ಎಂದು ಹೇಳಿಕೊಂಡರೂ ನಿಜದಲ್ಲಿ ಕೊಡುವುದು ಹೆಚ್ಚುಕಡಿಮೆ ಅಷ್ಟೇ. ಸಿಪಿಯು ಡಬ್ಬಿಯ ಮುಂದಿನ ತೂತು ಕೈಗೆ ಹತ್ತಿರವೆಂದು ಅಲ್ಲಿಗೇ ವೈರು ಚುಚ್ಚಿರುತ್ತಾರೆ. ಹಿಂದುಗಡೆ ಒಳಗೆ ನೀಲಿ ಬಣ್ಣವಿರುವ ಪೋರ್ಟಿಗೆ ಅದೇ ವೈರನ್ನು ಬದಲಿಸಿ ಚುಚ್ಚಿದರೆ ಮುಗ್ಗರಿಕೆ ನಿಂತ ಉದಾಹರಣೆಗಳು ಬೇಕಾದಷ್ಟಿವೆ. ವೈರು ಬದಲಿಸಲು ಯಾರೂ ಬಿಲ್ ಹಾಕುವುದಿಲ್ಲವಾದ್ದರಿಂದ ಈ ಮಾತನ್ನು ಹೇಳಿಕೊಡುವವರೂ ಕಡಿಮೆ.

ಸಂಶಯವಿದ್ದರೆ ಕಂಪ್ಯೂಟರನ್ನೇ ಕೇಳಬಹುದು. ವಿಡಿಯೊ ಮುಗ್ಗರಿಸುತ್ತಿರುವಾಗಲೇ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಮೆಮೊರಿ ಪೂರ್ತಿ ತುಂಬಿದ್ದರೆ ಸರಿ, ರ‍್ಯಾಮ್ ಬೇಕು, ಹಾಕಿಸಿ. ಅರ್ಧ ಖಾಲಿಯಿದ್ದು ಡಿಸ್ಕಿನ ಎದುರು 100 ಎಂದು ಕೆಂಪಗಾಗಿದ್ದರೆ, ಇರುವ ಖಾಲಿಯ ಮೇಲೆ ಇನ್ನಷ್ಟು ಖಾಲಿಯನ್ನು ದುಡ್ಡು ಕೊಟ್ಟು ತಂದಂತಾಗುತ್ತದೆ. ಒಂದು ನಿಮಿಷದ ಈ ಪರೀಕ್ಷೆಯನ್ನು ಮಾಡದೆಯೇ ರ‍್ಯಾಮ್ ಬರೆದುಕೊಡುವುದು ಜಿಲ್ಲೆಯ ತುಂಬಾ ನಡೆದಿದೆ.

ಇನ್ನು ಗ್ರಾಫಿಕ್ಸ್ ಕಾರ್ಡ್. ಇದರ ಕಥೆ ಇನ್ನೂ ಕೆಟ್ಟದು. ಈಗಿನ ಸೋನಿ ಕ್ಯಾಮೆರಾಗಳಲ್ಲಿ 10 ಬಿಟ್, 4:2:2 ಎಂಬ ಆಯ್ಕೆ ಇದೆ. ಬಣ್ಣ ಚೆನ್ನಾಗಿ ಬರುತ್ತದೆಂದು ಹುಡುಗರು ಅದನ್ನೇ ಇಡುತ್ತಾರೆ, ತಪ್ಪಿಲ್ಲ. ಆದರೆ ಆ ಬಗೆಯ ಎಚ್.265 ಫೈಲನ್ನು ಬಿಚ್ಚಿ ಓದುವ ಸೌಕರ್ಯ ಎನ್‌ವಿಡಿಯಾ ಕಾರ್ಡುಗಳಿಗೆ ಬಂದದ್ದೇ 2025ರಲ್ಲಿ ಮಾರುಕಟ್ಟೆಗೆ ಬಂದ 50ನೇ ಸರಣಿಯಿಂದ. ಅದಕ್ಕೂ ಹಿಂದಿನ ಎಷ್ಟು ದುಬಾರಿ ಕಾರ್ಡ್ ತಂದರೂ ಈ ಕೆಲಸಕ್ಕೆ ಅದು ಕೈಕಟ್ಟಿ ಕೂರುತ್ತದೆ. ಇಂಟೆಲ್ ಪ್ರೊಸೆಸರಿನ ಹೊಟ್ಟೆಯೊಳಗೇ ಇರುವ ಸಣ್ಣ ಗ್ರಾಫಿಕ್ಸ್ ಮಾತ್ರ 11ನೇ ತಲೆಮಾರಿನಿಂದೀಚೆಗೆ ಇದನ್ನು ಸಲೀಸಾಗಿ ಮಾಡುತ್ತದೆ. ತಮಾಷೆ ಮುಂದಿದೆ. ಅಂಗಡಿಯವನು "ಕಾರ್ಡ್ ಬ್ಯಾರೆ ಹಾಕ್ತೀವಲ್ರಿ" ಎಂದು ಹೆಸರಿನ ಕೊನೆಯಲ್ಲಿ ಎಫ್ ಅಕ್ಷರವಿರುವ ಪ್ರೊಸೆಸರ್ ಕೊಡುತ್ತಾನೆ. ಅದು ಸ್ವಲ್ಪ ಅಗ್ಗ, ಏಕೆಂದರೆ ಎಫ್ ಎಂದರೆ ಒಳಗಿನ ಗ್ರಾಫಿಕ್ಸ್ ಇಲ್ಲ ಎಂದೇ ಅರ್ಥ. ಹೀಗೆ ಕೆಲಸ ಮಾಡಬಲ್ಲ ಒಂದೇ ಒಂದು ಭಾಗವನ್ನು ತೆಗೆಸಿ, ಮಾಡಲಾರದ ಭಾಗಕ್ಕೆ ಹತ್ತಾರು ಸಾವಿರ ತೆತ್ತು, ಸ್ಟುಡಿಯೊದವನು ಹೊಸ ಕಂಪ್ಯೂಟರ್ ಹೊತ್ತು ಬರುತ್ತಾನೆ. ಬೆಲೆ ಏರಿದಷ್ಟೂ ಕೆಲಸ ಸುಲಭ ಎಂಬ ನಂಬಿಕೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ಹಳೆಯ ಕಂಪ್ಯೂಟರ್ ಇರುವವನಿಗೆ ಪ್ರಾಕ್ಸಿಯ ದಾರಿ ಇದೆ. ದೊಡ್ಡ ಫೈಲುಗಳ ಸಣ್ಣ ನಕಲು ಮಾಡಿಕೊಂಡು ಕತ್ತರಿಸುವುದು, ಔಟ್‌ಪುಟ್ ತೆಗೆಯುವಾಗ ಮೂಲಕ್ಕೆ ಮರಳುವುದು. ಪ್ರೀಮಿಯರ್ ಎಂಬ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಇದು 2016ರಿಂದಲೇ ಇದೆ. ಎಡಿಯಸ್‌ನಲ್ಲಿಯೂ, ಪುಕ್ಕಟೆ ಸಿಗುವ ಡಾವಿಂಚಿ ರಿಸಾಲ್ವ್‌ನಲ್ಲಿಯೂ ಇದೆ. ರಾತ್ರಿ ಮಲಗುವಾಗ ಹಚ್ಚಿಟ್ಟರೆ ಬೆಳಗಿಗೆ ಸಿದ್ಧ. ಬಳಸುವವರು ಬೆರಳೆಣಿಕೆಯಷ್ಟು. ಕೇಳಿದರೆ, "ಅದೆಲ್ಲಾ ಸಿನಿಮಾದವ್ರು ಮಾಡೋದ್ರಿ" ಎನ್ನುತ್ತಾರೆ. ಸಿನಿಮಾದವರ ಬಳಿ ಇವರಿಗಿಂತ ದೊಡ್ಡ ಯಂತ್ರಗಳಿವೆ, ಆದರೂ ಅವರು ಮಾಡುತ್ತಾರೆ ಎಂಬುದು ತಲೆಗೆ ಹೋಗುವುದಿಲ್ಲ.

ಔಟ್‌ಪುಟ್ 63 ಪರ್ಸೆಂಟಿಗೆ ಬಂದು ನಿಲ್ಲುವುದು ಇನ್ನೊಂದು. ಪ್ರತಿ ಸಲವೂ ಅದೇ 63. ಯಂತ್ರಕ್ಕೆ ಸುಸ್ತಾಗಿ ನಿಲ್ಲುವುದಾದರೆ ಒಮ್ಮೆ 40ಕ್ಕೆ, ಒಮ್ಮೆ 90ಕ್ಕೆ ನಿಲ್ಲಬೇಕಿತ್ತು. ಒಂದೇ ಜಾಗದಲ್ಲಿ ನಿಲ್ಲುತ್ತದೆ ಎಂದರೆ ಆ ಜಾಗದಲ್ಲಿ ಏನೋ ಇದೆ. ಕ್ಯಾಮೆರಾದ ಮೆಮೊರಿ ಕಾರ್ಡಿನಿಂದ ಇಳಿಸುವಾಗ ಕೆಟ್ಟ ಕ್ಲಿಪ್ ಇರಬಹುದು, ಯಾರೋ ಕೊಟ್ಟ ಕ್ರ್ಯಾಕ್ ಪ್ಲಗಿನ್ನಿನ ಎಫೆಕ್ಟ್ ಇರಬಹುದು, ಹಾಡಿನ ಮಧ್ಯೆ ಸುರಿದ ಆಲ್ಬಮ್ ಫೋಟೊಗಳಿರಬಹುದು. 24 ಮೆಗಾಪಿಕ್ಸೆಲಿನ ಒಂದು ಫೋಟೊ ಡಿಸ್ಕಿನ ಮೇಲೆ ಹತ್ತು ಮೆಗಾಬೈಟ್ ಇದ್ದರೂ ಬಿಚ್ಚಿ ಹರಡಿದರೆ 96 ಮೆಗಾಬೈಟ್ ಜಾಗ ಬೇಡುತ್ತದೆ. ಅಂಥವು ನೂರು ಒಟ್ಟಿಗೆ ಹಾರಿ ಬರುವ ಹಾಡಿನ ಪ್ರಾಜೆಕ್ಟ್ ಹಾಕಿ, ಸಿಸ್ಟಮ್ಮನ್ನು ಬೈದರೆ ಏನು ಪ್ರಯೋಜನ? ಟಿವಿಯ ಅಳತೆಗೆ ಫೋಟೊ ಕಿರಿದು ಮಾಡಿ ಹಾಕಿದರೆ ಯಾವ ಬೀಗನ ಕಣ್ಣಿಗೂ ವ್ಯತ್ಯಾಸ ಕಾಣದು. ತಪ್ಪಿನ ಜಾಗ ಹುಡುಕುವುದೂ ಕಷ್ಟವಲ್ಲ. ಅರ್ಧ ಟೈಮ್‌ಲೈನ್ ಔಟ್‌ಪುಟ್ ತೆಗೆಯಿರಿ. ಬಂದರೆ ದೋಷ ಉಳಿದರ್ಧದಲ್ಲಿದೆ. ಅದನ್ನು ಮತ್ತೆ ಅರ್ಧ ಮಾಡಿ. ಒಂದು ಗಂಟೆಯ ವಿಡಿಯೊದಲ್ಲಿ ಆರು ಸಲ ಅರ್ಧ ಮಾಡಿದರೆ ಒಂದು ನಿಮಿಷದೊಳಗೆ ಬಂದು ನಿಲ್ಲುತ್ತೀರಿ. ಪ್ರೀಮಿಯರ್ ಆದರೆ ಎಷ್ಟೋ ಸಲ ಯಾವ ಟೈಮ್‌ಕೋಡಿನ ಸುತ್ತ ಕೆಟ್ಟಿತು ಎಂದು ತಾನೇ ಬರೆದು ತೋರಿಸುತ್ತದೆ. ಆ ಸಾಲನ್ನು ಓದದೆ ಓಕೆ ಒತ್ತುವುದು ಕೈಗೆ ಅಂಟಿದ ಚಟ.

ಫಾರ್ಮ್ಯಾಟ್ ಹೊಡೆಯುವ ಉಪದೇಶಕ್ಕೆ ಬರೋಣ. ಇದು ತೊಂದರೆಯನ್ನು ಕಳೆಯುವುದಿಲ್ಲ, ಸಾಕ್ಷಿಯನ್ನು ಅಳಿಸುತ್ತದೆ. ಫಾರ್ಮ್ಯಾಟ್ ಆದ ಮೇಲೆ ಮೊದಲು ಕಾಣುವುದು ಹೊಸ ತೊಂದರೆಗಳು. ಇ ಡ್ರೈವ್ ಆಗಿದ್ದದ್ದು ಎಫ್ ಡ್ರೈವ್ ಆಗಿ ಕೂತಿರುತ್ತದೆ, ಹಳೆಯ ಪ್ರಾಜೆಕ್ಟ್ ತೆರೆದರೆ ಪ್ರೀಮಿಯರ್‌ನ ಕೆಂಪು ಫಲಕ, ಮೀಡಿಯಾ ಆಫ್‌ಲೈನ್. "ಎಲ್ಲಾ ಡಿಲೀಟ್ ಆಗ್ಯಾವ್ರಿ" ಎಂದು ಎದೆ ಬಡಿದುಕೊಳ್ಳುತ್ತಾರೆ. ಏನೂ ಹೋಗಿರುವುದಿಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಡ್ರೈವಿನ ಅಕ್ಷರವನ್ನು ಮೊದಲಿನಂತೆ ಮಾಡಿದರೆ ಎಲ್ಲವೂ ಎದ್ದು ಬರುತ್ತವೆ. ಆಮೇಲೆ ಅಕ್ಷರಗಳ ಗೋಳು. ಮದುವೆ ಟೈಟಲ್‌ಗಳನ್ನು ನುಡಿ ಸಾಫ್ಟ್‌ವೇರ್‌ನ ಹಳೆಯ ಆಸ್ಕಿ ಫಾಂಟಿನಲ್ಲಿ ಬರೆದಿಟ್ಟವರು ಆ ಫಾಂಟನ್ನು ಉಳಿಸಿಕೊಳ್ಳದೆ ಫಾರ್ಮ್ಯಾಟ್ ಹೊಡೆದರೆ, ಗವಿಸಿದ್ಧೇಶ್ವರ ಪ್ರಸನ್ನ ಎಂದಿದ್ದ ಜಾಗದಲ್ಲಿ ಕೊಂಬು ಬಾಲಗಳ ವಿದೇಶಿ ಅಕ್ಷರಗಳ ರಾಶಿ ಬಿದ್ದಿರುತ್ತದೆ. ಯುನಿಕೋಡಿನಲ್ಲಿ ಬರೆದವರಿಗೂ ನೆಮ್ಮದಿಯಿಲ್ಲ. ಪ್ರೀಮಿಯರ್‌ನ ಗ್ರಾಫಿಕ್ಸ್ ಸೆಟ್ಟಿಂಗಿನಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ಟೆಕ್ಸ್ಟ್ ಎಂಜಿನ್ ಆರಿಸಿದ್ದರೆ ಮಾತ್ರ ಒತ್ತಕ್ಷರಗಳು ಕೂಡಿಕೊಳ್ಳುತ್ತವೆ, ಫಾರ್ಮ್ಯಾಟಿನೊಂದಿಗೆ ಆ ಆಯ್ಕೆಯೂ ಹಾರಿಹೋಗಿರುತ್ತದೆ. ಆಗ ಒತ್ತುಗಳೆಲ್ಲ ಬಿಡಿಬಿಡಿ. ಅದಕ್ಕೂ "ಸಾಫ್ಟ್‌ವೇರ್ ಸರಿ ಇಲ್ಲ, ಬ್ಯಾರೆ ವರ್ಷನ್ ಹಾಕ್ರಿ" ಎಂಬ ಸಲಹೆ ಸಿದ್ಧವಾಗಿರುತ್ತದೆ.

ನನ್ನ ಮಾತಿಗೆ ಎದುರಾಗಿ ಬರುವ ಬಲವಾದ ವಾದ ಒಂದಿದೆ. "ನೀವು ಏನರ ಹೇಳ್ರಿ, ರ‍್ಯಾಮ್ ಹಾಕ್ಸಿದ ಮ್ಯಾಲೆ ನಮ್ದು ಸರಿ ಆತು." ಆಗಿರಬಹುದು. ಹೇಗಾಯಿತು ಎಂಬುದನ್ನು ನೋಡಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿನ ಬಿಸಿಲು 40 ಡಿಗ್ರಿ ದಾಟುತ್ತದೆ, ಲಗ್ನಗಳೂ ಆಗಲೇ. ಗಿಣಿಗೇರಿ ಸುತ್ತಿನ ಕಾರ್ಖಾನೆಗಳ ಕರಿ ಧೂಳು ಮನೆಯ ಕಟ್ಟೆಯ ಮೇಲೆ ಕೂರುವುದನ್ನು ಕೊಪ್ಪಳದವರಿಗೆ ಬಿಡಿಸಿ ಹೇಳಬೇಕಿಲ್ಲ. ಕಂಪ್ಯೂಟರಿನ ಫ್ಯಾನು ಆ ಧೂಳನ್ನು ದಿನವಿಡೀ ಒಳಗೆಳೆಯುತ್ತದೆ. ಪ್ರೊಸೆಸರ್ ನೂರು ಡಿಗ್ರಿಯ ಸಮೀಪ ಕಾದರೆ ಸುಟ್ಟುಹೋಗದಿರಲೆಂದು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ರ‍್ಯಾಮ್ ಹಾಕಲು ಡಬ್ಬಿ ಬಿಚ್ಚಿದ ಅಂಗಡಿಯ ಹುಡುಗ ಮೊದಲು ಬ್ಲೋವರ್ ಹಿಡಿದು ಧೂಳು ಊದುತ್ತಾನೆ. ಕಂಪ್ಯೂಟರ್ ತಣ್ಣಗಾಗಿ ಮತ್ತೆ ಓಡುತ್ತದೆ. ಕೆಲಸ ಮಾಡಿದ್ದು ಬ್ಲೋವರ್, ಹೆಸರು ಬಂದದ್ದು ರ‍್ಯಾಮಿಗೆ.

ಹಾಗೆಂದು ಯಂತ್ರ ಎಂದೂ ಬದಲಿಸಬೇಡಿ ಎಂದು ನಾನು ಹೇಳುತ್ತಿಲ್ಲ. ನಾಲ್ಕು ಜಿಬಿ ರ‍್ಯಾಮಿನಲ್ಲಿ 4ಕೆ ಮಿಕ್ಸಿಂಗ್ ಮಾಡುತ್ತೇನೆ ಎನ್ನುವುದು ಹಟ. ತಿರುಗುವ ಹಾರ್ಡ್ ಡಿಸ್ಕಿನಿಂದ ಎಸ್‌ಎಸ್‌ಡಿಗೆ ಬಂದವರಿಗೆ ಸಿಗುವ ವೇಗ ನಿಜವಾದದ್ದು, ಕೊಟ್ಟ ದುಡ್ಡಿಗೆ ಮೋಸವಿಲ್ಲ. ಆದರೆ ಕಾರಣ ಹುಡುಕಿದ ಮೇಲೆ ಕೊಳ್ಳುವುದು ಬೇರೆ, ಕಾರಣ ಹುಡುಕುವ ಬದಲು ಕೊಳ್ಳುವುದು ಬೇರೆ.

"ಸೀಜನ್ನಿನ್ಯಾಗ ಹುಡುಕ್ಕೋತ ಕೂಡಾಕ ಟೈಮ್ ಎಲ್ಲೈತ್ರಿ?" ಎಂಬುದು ಇನ್ನೊಂದು ಮಾತು. ಫಾರ್ಮ್ಯಾಟ್ ಹೊಡೆದು, ಎಲ್ಲ ಸಾಫ್ಟ್‌ವೇರ್ ಮತ್ತೆ ತುಂಬಿ, ಪ್ಲಗಿನ್ ಹುಡುಕಿ, ಫಾಂಟ್ ತರಿಸಿಕೊಳ್ಳಲು ಒಂದು ದಿನ ಪೂರ್ತಿ ಹೋಗುತ್ತದೆ, ಅದಕ್ಕೆ ಟೈಮ್ ಇರುತ್ತದೆ. ಕುಷ್ಟಗಿಯಿಂದ ಸಿಪಿಯು ಹೊತ್ತು ಬಸ್ಸಿನಲ್ಲಿ ಕೊಪ್ಪಳಕ್ಕೋ ಹುಬ್ಬಳ್ಳಿಗೋ ಹೋಗಿ ಬರಲು ಟೈಮ್ ಇರುತ್ತದೆ. ಕ್ಲಿಪ್ಪನ್ನು ಮೀಡಿಯಾಇನ್ಫೋದಲ್ಲಿ ತೆರೆಯಲು ಬೇಕಾದ ಎರಡು ನಿಮಿಷ ಮಾತ್ರ ಇರುವುದಿಲ್ಲ! ಟೈಮ್ ಇಲ್ಲ ಎಂಬುದು ನೆಪ. ಹುಡುಕುವುದನ್ನು ಯಾರೂ ಕಲಿಸಿಲ್ಲ ಎಂಬುದು ನಿಜ. ಸ್ಟುಡಿಯೊಕ್ಕೆ ಕೆಲಸಕ್ಕೆ ಸೇರಿದ ಹುಡುಗನಿಗೆ ಹೂವು ಉದುರುವ ಎಫೆಕ್ಟ್ ಎಲ್ಲಿದೆ ಎಂದು ಮೊದಲ ವಾರವೇ ತೋರಿಸುತ್ತಾರೆ. ಫ್ರೇಮ್ ರೇಟ್ ಎಂದರೇನು ಎಂದು ವರ್ಷವಾದರೂ ಹೇಳುವುದಿಲ್ಲ, ಏಕೆಂದರೆ ಮಾಲೀಕನಿಗೂ ಯಾರೂ ಹೇಳಿರಲಿಲ್ಲ.

ವಿಡಿಯೊ ಕೊಟ್ಟ ಮೇಲೂ ಇದೇ ಹಾಡು. "ಪೆನ್‌ಡ್ರೈವ್ ಟಿವಿಯಾಗ ಬರವಲ್ದು" ಎಂದು ಹೆಣ್ಣಿನ ಕಡೆಯವರು ವಾಪಸ್ ತರುತ್ತಾರೆ. ಪೆನ್‌ಡ್ರೈವ್ ಡೂಪ್ಲಿಕೇಟ್ ಎಂದು ತೀರ್ಮಾನಿಸಿ ಹೊಸದು ಕೊಳ್ಳುತ್ತಾರೆ. ಫ್ಯಾಟ್32 ಪದ್ಧತಿಯ ಪೆನ್‌ಡ್ರೈವ್ ನಾಲ್ಕು ಜಿಬಿಗಿಂತ ದೊಡ್ಡ ಫೈಲು ಹಿಡಿಯುವುದಿಲ್ಲ, ಅದಕ್ಕೆಂದು ಬೇರೆ ಪದ್ಧತಿಗೆ ಬದಲಿಸಿದರೆ ಕೆಲವು ಹಳೆಯ ಟಿವಿಗಳಿಗೆ ಓದಲು ಬರುವುದಿಲ್ಲ. ಎಚ್.265ರಲ್ಲಿ ಕೊಟ್ಟರಂತೂ ಹಳ್ಳಿಯ ಹಳೆಯ ಟಿವಿಯಲ್ಲಿ ಧ್ವನಿ ಮಾತ್ರ ಬಂದೀತು. ಎಚ್.264ರಲ್ಲಿ, ನಾಲ್ಕು ಜಿಬಿಯೊಳಗಿನ ತುಂಡುಗಳಾಗಿ ಕೊಟ್ಟರೆ ಯಾರೂ ಮರಳಿ ಬರುವುದಿಲ್ಲ.

ಇಷ್ಟೆಲ್ಲ ಕೇಳಿಯೂ ಹೊಸ ಕಂಪ್ಯೂಟರ್ ಕೊಳ್ಳಲೇಬೇಕೆಂದು ಹೊರಟವರು ಒಂದು ಕೆಲಸ ಮಾಡಿ. ನಿಮ್ಮ ಕ್ಯಾಮೆರಾದಲ್ಲಿ ನೀವೇ ಶೂಟ್ ಮಾಡಿದ, ನಿಮ್ಮ ಕಂಪ್ಯೂಟರಿನಲ್ಲಿ ಮುಗ್ಗರಿಸುವ ಕ್ಲಿಪ್ಪನ್ನೇ ಜೊತೆಗೆ ಒಯ್ಯಿರಿ. ಅಂಗಡಿಯವನು ತನ್ನ ಡೆಮೊ ಹಾಡು ಹಾಕಲು ಬಂದರೆ ಬೇಡವೆನ್ನಿ. ನೀವು ಬಳಸುವ ಸಾಫ್ಟ್‌ವೇರ್‌ನಲ್ಲಿ, ಮೂರು ಪಟ್ಟಿಯಾಗಿ ಒಂದರ ಮೇಲೊಂದು ಇಟ್ಟು, ನಿಮ್ಮ ಕಣ್ಣೆದುರು ಓಡಿಸಲು ಹೇಳಿ. ಪಕ್ಕದಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದಿರಲಿ. ಪ್ರೊಸೆಸರಿನ ಡಬ್ಬಿಯ ಮೇಲಿನ ಕೊನೆಯ ಅಕ್ಷರ ಓದಿಕೊಳ್ಳಿ. "ಅದೆಲ್ಲಾ ನಡೀತೈತಿ, ತಗೊಂಡ್ ಹೋಗ್ರಿ" ಎಂಬ ಉತ್ತರ ಬಂದರೆ ಆ ಕ್ಲಿಪ್ಪನ್ನು ಎತ್ತಿಕೊಂಡು ಪಕ್ಕದ ಅಂಗಡಿಗೆ ಹೋಗಿ.